ಶಿರಸಿಯ ಫೈಬರ್ ಜಾಲವನ್ನು ಕಂಪ್ಯೂಟರ್ ಬೆಳೆಸಿ ಕೊಡುತ್ತದೆಯೇ?

ಪ್ರಶ್ನೆ: ನಾನು ಶಿರಸಿಯಲ್ಲಿ ಹದಿನೈದು ವರ್ಷದಿಂದ ಕೇಬಲ್ ಟಿವಿ ನಡೆಸುತ್ತಿದ್ದೇನೆ. ಈಗ ಇಂಟರ್‌ನೆಟ್‌ಗಾಗಿ ಮನೆಮನೆಗೆ ಫೈಬರ್ ಎಳೆಯುವ ಯೋಚನೆ ಇದೆ. ಮೊದಲ ಹಂತದಲ್ಲಿ ಸುಮಾರು ಎರಡು ಸಾವಿರ ಮನೆ. ಹಳೇ ಕೇಬಲ್ ಹೋದ ದಾರಿಯಲ್ಲೇ ಫೈಬರ್ ಹಾಕಿದರಾಯಿತು ಅಂದುಕೊಂಡಿದ್ದೆ. ಎಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗ, ‘ಬೇಡ ದೊಡ್ಡಪ್ಪ, ಜೆನೆಟಿಕ್ ಅಲ್ಗಾರಿದಮ್ ಬಳಸಿದರೆ ಕಂಪ್ಯೂಟರೇ ಅತಿ ಕಡಿಮೆ ಖರ್ಚಿನ ಪ್ಲಾನ್ ಹುಡುಕಿ ಕೊಡುತ್ತದೆ’ ಎನ್ನುತ್ತಾನೆ. ಇದು ನಿಜವೇ? ಜೀವವಿಕಾಸಕ್ಕೂ ಕೇಬಲ್‌ಗೂ ಏನು ಸಂಬಂಧ? ನಮ್ಮಂಥ ಸಣ್ಣ ಊರಿಗೆ ಇದೆಲ್ಲ ಬೇಕಾ?

ಉತ್ತರ: ನಿಮ್ಮ ತಮ್ಮನ ಮಗ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನ ಬಗ್ಗೆ ನಾನು ಜಾಸ್ತಿ ಬರೆಯುತ್ತೇನೆ. ಯಾಕಂದರೆ ದುಡ್ಡು ಸೋರುವುದು ಅಲ್ಲೇ. ನಾನು ಕಾರವಾರದವನು, ಕೇಬಲ್ ಜಾಲಗಳ ಪ್ಲಾನ್ ಮಾಡುವುದೇ ನನ್ನ ಕೆಲಸ. ಈ ವಿಧಾನವನ್ನು ಬಳಸಿದ್ದೇನೆ. ಅದರಿಂದ ಲಾಭವನ್ನೂ ನೋಡಿದ್ದೇನೆ, ಪೆಟ್ಟೂ ತಿಂದಿದ್ದೇನೆ.

ಮೊದಲು ಲೆಕ್ಕ ಎಷ್ಟು ದೊಡ್ಡದು ಅಂತ ನೋಡೋಣ. ನಾಲ್ಕು ಮನೆಗಳನ್ನು ಎಲ್ಲೂ ಸುತ್ತು ಬರದ ಹಾಗೆ ತಂತಿಯಿಂದ ಜೋಡಿಸಲು 16 ಬಗೆಗಳಿವೆ. ಒಂದು ಹಾಳೆಯಲ್ಲಿ ಬರೆದು ಎಣಿಸಬಹುದು. ಹತ್ತು ಮನೆ ಆದರೆ 10 ಕೋಟಿ ಬಗೆ. ಇಪ್ಪತ್ತು ಮನೆ ಆದರೆ ಅದು 24 ಅಂಕಿಯ ಸಂಖ್ಯೆ. ಸೆಕೆಂಡಿಗೆ ಒಂದು ಕೋಟಿ ಬಗೆಯನ್ನು ಪರೀಕ್ಷಿಸುವ ಕಂಪ್ಯೂಟರ್ ಇದ್ದರೂ ಎಲ್ಲ ನೋಡಿ ಮುಗಿಸಲು ಸುಮಾರು 83 ಕೋಟಿ ವರ್ಷ ಬೇಕು. ನಿಜವಾದ ಊರಿನಲ್ಲಿ ಎಲ್ಲ ಮನೆಯಿಂದ ಎಲ್ಲ ಮನೆಗೂ ನೇರ ದಾರಿ ಇರುವುದಿಲ್ಲ. ಹಾಗಾಗಿ ಸಂಖ್ಯೆ ಇಳಿಯುತ್ತದೆ. ಆದರೂ ಎರಡು ಸಾವಿರ ಮನೆ ಅಂದರೆ ಒಂದೊಂದಾಗಿ ನೋಡುವ ಮಾತೇ ಇಲ್ಲ.

ಇಷ್ಟು ಹೇಳಿ ‘ಅದಕ್ಕೇ ಜೆನೆಟಿಕ್ ಅಲ್ಗಾರಿದಮ್ ಬೇಕು’ ಅಂತ ಮುಂದಕ್ಕೆ ಹಾರುವವರು ಬಹಳ. ಅಲ್ಲೊಂದು ತಪ್ಪಿದೆ. ಬರೀ ಕೇಬಲ್ ಉದ್ದ ಕಡಿಮೆ ಆಗಬೇಕು ಎನ್ನುವುದಾದರೆ ಅದು ಸುಲಭದ ಲೆಕ್ಕ. ಈಗಿನ ಚೆಕ್ ದೇಶದಲ್ಲಿರುವ ಮೊರಾವಿಯಾಕ್ಕೆ ವಿದ್ಯುತ್ ತಂತಿ ಎಳೆಯುವ ಪ್ರಶ್ನೆ ಬಂದಾಗ ಒಟಕರ್ ಬೊರುವ್ಕಾ ಎಂಬ ಗಣಿತಜ್ಞರು 1926ರಲ್ಲೇ ಇದನ್ನು ಬಿಡಿಸಿದ್ದರು. ಆಮೇಲೆ ಅಮೆರಿಕದ ಜೋಸೆಫ್ ಕ್ರಸ್ಕಲ್ 1956ರಲ್ಲಿ, ಅಲ್ಲಿನ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಪ್ರಿಮ್ 1957ರಲ್ಲಿ ಇನ್ನೂ ಸರಳ ವಿಧಾನ ಕೊಟ್ಟರು. ಕ್ರಸ್ಕಲ್ ವಿಧಾನ ಹೀಗೆ: ಇರುವುದರಲ್ಲಿ ಅತಿ ಗಿಡ್ಡ ತುಂಡನ್ನು ಆರಿಸು, ಸುತ್ತು ಬರುವುದಾದರೆ ಬಿಡು, ಎಲ್ಲ ಮನೆ ಸೇರುವವರೆಗೆ ಮುಂದುವರಿ. ಎರಡು ಸಾವಿರ ಮನೆಗೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಉತ್ತರವೂ ಖಚಿತ. ಅದಕ್ಕೆ ವಿಕಾಸವೂ ಬೇಡ, ವಂಶವೂ ಬೇಡ.

ಕಷ್ಟ ಶುರುವಾಗುವುದು ನೀವು ದಿನಾ ನೋಡುವ ವಿಷಯಗಳಿಂದ. ನಿಮ್ಮ ಹಳೇ ಕೇಬಲ್‌ನಲ್ಲಿ ಸಿಗ್ನಲ್ ಕಡಿಮೆ ಆದರೆ ಕಂಬದ ಮೇಲೊಂದು ಆಂಪ್ಲಿಫೈಯರ್ ಇಟ್ಟರಾಯಿತು, ಅಲ್ವಾ? ಮನೆಮನೆಗೆ ಫೈಬರ್ ಕೊಡುವ ಜಿಪಾನ್ (GPON) ಎಂಬ ವ್ಯವಸ್ಥೆಯಲ್ಲಿ ಆ ದಾರಿ ಇಲ್ಲ. ನಿಮ್ಮ ಕಂಟ್ರೋಲ್ ರೂಮಿನಲ್ಲಿದ್ದು ಬೆಳಕಿನ ಸಿಗ್ನಲ್ ಕಳಿಸುವ ಯಂತ್ರವಾದ ಒಎಲ್‌ಟಿಯಿಂದ ಗ್ರಾಹಕರ ಮನೆಯ ಪೆಟ್ಟಿಗೆಯವರೆಗೆ ಮಧ್ಯೆ ಕರೆಂಟ್ ಬೇಡುವ ಯಾವ ಸಾಧನವೂ ಇರುವುದಿಲ್ಲ. ಬೆಳಕು ಹೊರಟಷ್ಟೇ. ಅದನ್ನೇ ಸ್ಪ್ಲಿಟರ್‌ಗಳು, ಅಂದರೆ ಒಂದು ಫೈಬರಿನ ಬೆಳಕನ್ನು ಹಲವು ಕವಲಾಗಿ ಒಡೆಯುವ ಪುಟ್ಟ ಸಾಧನಗಳು, ಹಂಚಬೇಕು. ಹಳೇ ದಾರಿಯನ್ನು ಹಾಗೇ ಹಿಡಿದರೆ ಎಡವುವುದು ಇಲ್ಲಿ. ಕಂಬ ಅದೇ ಇರಬಹುದು, ರಸ್ತೆ ಅದೇ ಇರಬಹುದು. ಆದರೆ ಎಲ್ಲಿ ಕವಲೊಡೆಯಬೇಕು ಎನ್ನುವುದು ಪೂರ್ತಿ ಬೇರೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಬಿ ಪ್ಲಸ್ ದರ್ಜೆಯ ಜಿಪಾನ್‌ನಲ್ಲಿ 28 ಡಿಬಿವರೆಗೆ ಬೆಳಕಿನ ನಷ್ಟ ತಡೆಯಬಹುದು (ಡಿಬಿ, ಅಂದರೆ ಡೆಸಿಬೆಲ್, ಆ ನಷ್ಟದ ಅಳತೆ). ಒಂದನ್ನು ಎಂಟು ಮಾಡುವ 1:8ರ ಒಂದು ಸ್ಪ್ಲಿಟರ್ ಸುಮಾರು 10.5 ಡಿಬಿ ತಿನ್ನುತ್ತದೆ. ಒಂದರ ಹಿಂದೆ ಒಂದರಂತೆ ಎರಡು ಇಟ್ಟರೆ 64 ಮನೆ ಸಿಗುತ್ತದೆ, ನಷ್ಟ 21 ಡಿಬಿ. ಐದು ಕಿಲೋಮೀಟರ್ ಫೈಬರ್, ಕಿಲೋಮೀಟರಿಗೆ 0.35ರಂತೆ 1.75. ನಾಲ್ಕು ಕನೆಕ್ಟರ್‌ಗೆ ಅರ್ಧರ್ಧ ಅಂದರೆ 2. ಆರು ಸ್ಪ್ಲೈಸ್‌ಗೆ, ಅಂದರೆ ಫೈಬರ್ ತುದಿಗಳನ್ನು ಬೆಸೆದ ಜಾಗಗಳಿಗೆ, 0.6. ಒಟ್ಟು 25.35. ಕಾಗದದ ಮೇಲೆ ಪಾಸ್. ಆದರೆ ನಮ್ಮ ಮಳೆಯಲ್ಲಿ ಮರದ ಕೊಂಬೆ ಬಿದ್ದು ಕೇಬಲ್ ತುಂಡಾಗುತ್ತದೆ, ಮತ್ತೆ ಸ್ಪ್ಲೈಸ್ ಮಾಡುತ್ತೀರಿ, ವರ್ಷ ವರ್ಷ ನಷ್ಟ ಏರುತ್ತದೆ. ಕನಿಷ್ಠ 3 ಡಿಬಿ ಕೈಯಲ್ಲಿ ಉಳಿಸಿಕೊಳ್ಳಬೇಕು ಎನ್ನುವವನು ನಾನು. ಹಾಗೆ ನೋಡಿದರೆ ಇದು ಫೇಲ್. ಮೊದಲ ಸ್ಪ್ಲಿಟರನ್ನು 1:4 ಮಾಡಿದರೆ ಒಟ್ಟು ನಷ್ಟ 22ರ ಸುತ್ತ ನಿಲ್ಲುತ್ತದೆ. ಆದರೆ ಒಎಲ್‌ಟಿಯ ಒಂದು ಪೋರ್ಟಿಗೆ 32 ಮನೆ ಮಾತ್ರ. ಆಗ ಎರಡು ಸಾವಿರ ಮನೆಗೆ 63 ಪೋರ್ಟ್ ಬೇಕು. ಅಂದರೆ ಎಂಟು ಪೋರ್ಟಿನ ಒಎಲ್‌ಟಿ ಎಂಟು. 64 ಮನೆಯ ಲೆಕ್ಕದಲ್ಲಿ ಒಂದೂ ಖಾಲಿ ಬಿಡದಿದ್ದರೆ ನಾಲ್ಕೇ ಸಾಕಿತ್ತು. ಊರಿನ ಒಂದು ಭಾಗಕ್ಕೆ 64, ದೂರದ ಭಾಗಕ್ಕೆ 32 ಅಂತ ಬೆರೆಸಲೂಬಹುದು. ಯಾವ ಭಾಗಕ್ಕೆ ಯಾವುದು? ಸ್ಪ್ಲಿಟರ್ ಯಾವ ಕಂಬದಲ್ಲಿ? ಮುಖ್ಯ ಕೇಬಲ್ 24 ಕೋರ್ (ಫೈಬರ್ ಎಳೆ) ಸಾಕೋ 48 ಬೇಕೋ? ಒಂದನ್ನು ಬದಲಾಯಿಸಿದರೆ ಉಳಿದದ್ದೆಲ್ಲ ಅಲುಗಾಡುತ್ತದೆ.

ಮನೆಯೂ ಅಲ್ಲದ, ಕಂಟ್ರೋಲ್ ರೂಮೂ ಅಲ್ಲದ ನಡು ರಸ್ತೆಯ ಯಾವುದೋ ಕೂಡುವ ಜಾಗದಲ್ಲಿ ಕವಲು ಇಟ್ಟರೆ ಕೇಬಲ್ ಉಳಿಯುತ್ತದೆ. ಆದರೆ ಯಾವ ಜಾಗ ಎಂದು ಹುಡುಕುವುದು ಕಠಿಣ. ರಿಚರ್ಡ್ ಕಾರ್ಪ್ 1972ರಲ್ಲಿ ಪಟ್ಟಿ ಮಾಡಿದ 21 ಕಠಿಣ ಲೆಕ್ಕಗಳಲ್ಲಿ ಇದೂ ಒಂದು. ಎಲ್ಲ ಸಂದರ್ಭದಲ್ಲೂ ಬೇಗ ಖಚಿತ ಉತ್ತರ ಕೊಡುವ ವಿಧಾನ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ನಿಮ್ಮ ತಮ್ಮನ ಮಗನ ಮಾತಿಗೆ ಬೆಲೆ ಬರುವುದು ಇಲ್ಲಿಂದ.

ಈಗ ವಿಕಾಸದ ವಿಷಯ. ನಿಮ್ಮ ಕಡೆ ಅಡಿಕೆ ತೋಟ ಇದ್ದವರು ಸಸಿ ಮಾಡುವುದನ್ನು ನೋಡಿರುತ್ತೀರಿ. ಸಿಕ್ಕ ಸಿಕ್ಕ ಮರದ ಗೋಟನ್ನು ಬೀಜಕ್ಕೆ ಇಡುವುದಿಲ್ಲ. ವರ್ಷವೂ ಒಂದೇ ಹದದಲ್ಲಿ ಫಸಲು ಕೊಡುವ ತಾಯಿಮರ ಗುರುತು ಮಾಡುತ್ತಾರೆ. ಅದರ ಗೊನೆಯಲ್ಲೂ ತೂಕದ ಕಾಯಿ ಆರಿಸುತ್ತಾರೆ. ಮೊಳೆತ ಮೇಲೆ ಸೊರಗಿದ ಸಸಿ ಕಿತ್ತು ಹಾಕುತ್ತಾರೆ. ಯಾವ ಸಸಿ ಯಾಕೆ ಚೆನ್ನಾಗಿದೆ ಎಂದು ಅವರು ಸಸಿಯ ಒಳಗೆ ಹೊಕ್ಕು ನೋಡಿಲ್ಲ. ಒಳ್ಳೆಯದನ್ನು ಉಳಿಸಿ ಬೆಳೆಸಿದ್ದಾರೆ, ಅಷ್ಟೇ. ಅದೂ ತಲೆಮಾರುಗಳಿಂದ.

ಕಂಪ್ಯೂಟರ್ ಮಾಡುವುದೂ ಇದನ್ನೇ. ಮೊದಲು ನೂರು ಪ್ಲಾನ್ ತಯಾರಿಸುತ್ತದೆ. ಹೆಚ್ಚಿನವು ಕೆಟ್ಟವೇ ಇರುತ್ತವೆ. ಪ್ರತಿಯೊಂದಕ್ಕೂ ಖರ್ಚಿನ ಲೆಕ್ಕ ಹಾಕಿ ಅಂಕ ಕೊಡುತ್ತದೆ. ಅಂಕ ಚೆನ್ನಾಗಿರುವ ಎರಡನ್ನು ಆರಿಸಿ ಬೆರಕೆ ಮಾಡುತ್ತದೆ. ದೇವಿಕೆರೆ ಕಡೆಯ ಜೋಡಣೆ ಒಂದರಿಂದ, ನೀಲೇಕಣಿ ಕಡೆಯದು ಇನ್ನೊಂದರಿಂದ ಅನ್ನುವ ಹಾಗೆ. ಹುಟ್ಟಿದ ಹೊಸ ಪ್ಲಾನಿನಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಬದಲಾವಣೆ ಮಾಡುತ್ತದೆ. ಕೆಟ್ಟವನ್ನು ತೆಗೆದು ಹಾಕುತ್ತದೆ. ಅತಿ ಒಳ್ಳೆಯ ಒಂದೆರಡನ್ನು ಹಾಗೇ ಮುಂದಿನ ತಲೆಮಾರಿಗೆ ದಾಟಿಸುತ್ತದೆ. ಹೀಗೆ ಸಾವಿರ ತಲೆಮಾರು. ಜರ್ಮನಿಯಲ್ಲಿ ಇಂಗೊ ರೆಕೆನ್‌ಬರ್ಗ್ 1960ರ ದಶಕದಲ್ಲಿ, ಅಮೆರಿಕದ ಮಿಶಿಗನ್‌ನಲ್ಲಿ ಜಾನ್ ಹಾಲೆಂಡ್ 1975ರ ಹೊತ್ತಿಗೆ ಇದನ್ನು ಬೇರೆ ಬೇರೆ ದಾರಿಯಿಂದ ಶಾಸ್ತ್ರವಾಗಿ ಕಟ್ಟಿದರು. 2006ರಲ್ಲಿ ನಾಸಾ ಹಾರಿಸಿದ ಎಸ್‌ಟಿ5 ಎಂಬ ಪುಟ್ಟ ಉಪಗ್ರಹಗಳಲ್ಲಿ ಹೀಗೆ ಬೆಳೆಸಿದ ಆಂಟೆನಾ ಇತ್ತು. ಯಾರೋ ತಂತಿಯನ್ನು ಸುಮ್ನೆ ಸೊಟ್ಟಗೆ ಬಗ್ಗಿಸಿದಂತೆ ಕಾಣುವ ಅದನ್ನು ಯಾವ ಎಂಜಿನಿಯರೂ ಕೂತು ಬರೆಯುತ್ತಿರಲಿಲ್ಲ. ನನಗೆ ಈ ವಿಧಾನದ ಮೇಲೆ ಪ್ರೀತಿ ಹುಟ್ಟಿದ್ದು ಆ ಆಂಟೆನಾದ ಫೋಟೊ ನೋಡಿ.

ಈಗ ನಿಮ್ಮ ಹುಡುಗನಿಗೆ ನೇರವಾಗಿ ಒಂದು ಮಾತು. ಹೊಸಬರು ಅತಿ ಹೆಚ್ಚು ಎಡವುವುದು ಪ್ಲಾನನ್ನು ಕಂಪ್ಯೂಟರಿಗೆ ಹೇಗೆ ಬರೆದು ಕೊಡಬೇಕು ಎನ್ನುವುದರಲ್ಲಿ. ಶಿರಸಿಯವರಿಗೆ ಅಪ್ಪೆಮಿಡಿ ಉದಾಹರಣೆ ಸಾಕು. ಒಳ್ಳೆಯ ಅಪ್ಪೆಮರದ ಗೊರಟು ನೆಟ್ಟರೆ ಹುಟ್ಟುವ ಮರಕ್ಕೆ ತಾಯಿಯ ಪರಿಮಳ, ಹುಳಿ ಬರುತ್ತದೆ ಎನ್ನುವ ಭರವಸೆ ಇಲ್ಲ. ಅದಕ್ಕೇ ಕಸಿ ಕಟ್ಟುತ್ತಾರೆ. ಇಲ್ಲೂ ಹಾಗೆ. ಕವಲೊಡೆದ ಜಾಲವನ್ನು ಅಂಕಿಗಳ ಒಂದು ಸಾಲಾಗಿ ಬರೆಯುವ ಚಂದದ ವಿಧಾನವನ್ನು ಹೈಂಜ್ ಪ್ರೂಫರ್ 1918ರಲ್ಲಿ ಕಂಡುಹಿಡಿದರು. ಪುಟ್ಟದಾಗಿದೆ, ಯಾವ ಸಾಲು ಬರೆದರೂ ಒಂದು ಸರಿಯಾದ ಜಾಲ ಸಿಗುತ್ತದೆ. ಎಲ್ಲರೂ ಅದಕ್ಕೆ ಮರುಳಾಗುತ್ತಾರೆ. ನಾನೂ ಮೊದಲು ಅದನ್ನೇ ಹಿಡಿದೆ. ತೊಂದರೆ ಏನೆಂದರೆ ಸಾಲಿನಲ್ಲಿ ಒಂದೇ ಒಂದು ಅಂಕಿ ಬದಲಾದರೂ ಜಾಲದ ಅರ್ಧ ಭಾಗ ಬೇರೆಯೇ ಆಗಿಬಿಡಬಹುದು. ಅಪ್ಪ ಅಮ್ಮ ಇಬ್ಬರೂ ಚೆನ್ನಾಗಿದ್ದರೂ ಮಗು ಇಬ್ಬರನ್ನೂ ಹೋಲುವುದಿಲ್ಲ. ಹೋಲಿಕೆ ಇಲ್ಲದ ಮೇಲೆ ಆಯ್ಕೆಗೆ ಅರ್ಥ ಏನು? ಕುರುಡು ಹುಡುಕಾಟವಾಗುತ್ತದೆ.

ಅದರ ಬದಲು ಕೇಬಲ್ ತುಂಡುಗಳ ಪಟ್ಟಿಯನ್ನೇ ಪ್ಲಾನ್ ಅಂತ ಇಟ್ಟುಕೊಳ್ಳಲಿ. ಗುಂಥರ್ ರೈಡಲ್ ಮತ್ತು ಬ್ರಯಾಂಟ್ ಜುಲ್‌ಸ್ಟ್ರಮ್ 2003ರಲ್ಲಿ ವಿವರಿಸಿದ ದಾರಿ ಇದು. ಬೆರಕೆ ಮಾಡುವಾಗ ಅಪ್ಪ ಅಮ್ಮ ಇಬ್ಬರಲ್ಲೂ ಇರುವ ತುಂಡುಗಳನ್ನು ಮೊದಲು ಉಳಿಸಿಕೊಳ್ಳಿ. ಉಳಿದ ಜೋಡಣೆಯನ್ನು ಇಬ್ಬರಲ್ಲಿ ಒಬ್ಬರಿಂದ ತುಂಬಿ. ಸಣ್ಣ ಬದಲಾವಣೆ ಬೇಕಾದಾಗ ಒಂದು ಹೊಸ ತುಂಡು ಸೇರಿಸಿ. ಒಂದು ಸುತ್ತು ಹುಟ್ಟುತ್ತದೆ. ಆ ಸುತ್ತಿನಲ್ಲಿ ಬೇರೊಂದು ತುಂಡು ತೆಗೆಯಿರಿ. ಮಗು ಮನೆತನದ್ದೇ ಆಗಿರುತ್ತದೆ. ಇನ್ನೊಂದು, ಮೊದಲ ನೂರು ಪ್ಲಾನಿನಲ್ಲಿ ನಿಮ್ಮ ಕೈಬರಹದ ಪ್ಲಾನನ್ನೂ, ಕ್ರಸ್ಕಲ್ ವಿಧಾನದ ಪ್ಲಾನನ್ನೂ ಸೇರಿಸಿ. ಹದಿನೈದು ವರ್ಷ ಕಂಬ ಹತ್ತಿದವರ ಪ್ಲಾನಿನಲ್ಲಿ ಗುಣ ಇರುತ್ತದೆ. ಅದು ವಂಶದಲ್ಲಿ ಇಳಿಯಲಿ.

ಅಂಕ ಕೊಡುವ ಲೆಕ್ಕ ನನ್ನ ಪ್ರಕಾರ ಇಡೀ ಕೆಲಸದ ಜೀವ. ಕಂಪ್ಯೂಟರಿಗೆ ಶಿರಸಿ ಗೊತ್ತಿಲ್ಲ. ನೀವು ಅಂಕಿಯಲ್ಲಿ ಹೇಳಿದ್ದು ಮಾತ್ರ ಗೊತ್ತು. ಕಾರವಾರದ ಒಂದು ಬಡಾವಣೆಗೆ ನಾನು ಪ್ಲಾನ್ ಮಾಡಿದಾಗ ರಸ್ತೆಗಳ ಉದ್ದ ಮಾತ್ರ ಕೊಟ್ಟಿದ್ದೆ, ನೆಲ ಎಂಥದ್ದು ಎಂದು ಕೊಟ್ಟಿರಲಿಲ್ಲ. ಓಡಿಸಿದಾಗೆಲ್ಲ ಒಂದೇ ಓಣಿ ಆಯ್ಕೆಯಾಗುತ್ತಿತ್ತು. ಅತಿ ಗಿಡ್ಡ ದಾರಿ ಅದು. ಅಗೆಯಲು ಹೋದರೆ ಒಂದಡಿ ಕೆಳಗೆ ಚಿರೆಕಲ್ಲು. ಒಂದು ದಿನದ ಕೆಲಸ ನಾಲ್ಕು ದಿನ ಹಿಡಿಯಿತು. ಪಕ್ಕದ ರಸ್ತೆ ಸ್ವಲ್ಪ ಉದ್ದ, ಆದರೆ ಮರಳು ಮಣ್ಣು. ಅಲ್ಲಿಯ ಯಾವ ಮೇಸ್ತ್ರಿಯನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ. ಅವತ್ತಿನಿಂದ ನೆಲದ ಬಗೆಗೆ ಒಂದು ಕಾಲಂ ಇಲ್ಲದೆ ನಾನು ಪ್ರೋಗ್ರಾಂ ಮುಟ್ಟುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಏನೇನು ಬರಬೇಕು ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಯಾವ ಸಾಲಿನಲ್ಲಿ ಹೆಸ್ಕಾಂ ಕಂಬ ಇದೆ, ಬಳಸಲು ಒಪ್ಪಿಗೆ ಸಿಗುತ್ತದೆಯೇ. ಯಾವ ರಸ್ತೆಗೆ ಹೊಸದಾಗಿ ಕಾಂಕ್ರೀಟ್ ಹಾಕಿದ್ದಾರೆ. ಎಲ್ಲಿ ಮಳೆಗಾಲದಲ್ಲಿ ಮರ ಬೀಳುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ರಥ ಬಿಡಕಿಬೈಲಿಗೆ ಹೋಗುವ ದಾರಿಗೆ ಅಡ್ಡಲಾಗಿ ಮೇಲಿನಿಂದ ಕೇಬಲ್ ಎಳೆದರೆ ಪ್ರತಿ ಜಾತ್ರೆಗೂ ಬಿಚ್ಚಿ ಕಟ್ಟಬೇಕು. ಆ ಖರ್ಚನ್ನೂ ಹತ್ತು ವರ್ಷದ ಲೆಕ್ಕಕ್ಕೆ ಹಾಕಿ. ಹಾಕಿದ ಕೂಡಲೇ ಕಂಪ್ಯೂಟರ್ ತಾನಾಗಿ ಸುತ್ತು ಹಾಕಿ ಹೋಗುವ ದಾರಿ ಹುಡುಕುತ್ತದೆ, ಇಲ್ಲವೇ ಅಲ್ಲಿ ಮಾತ್ರ ನೆಲದಡಿ ಹೋಗುತ್ತದೆ. ನೋಡಲು ಖುಷಿಯಾಗುತ್ತದೆ.

ನಿಯಮ ಮುರಿದ ಪ್ಲಾನಿಗೆ ದಂಡ ಹಾಕುವುದರಲ್ಲಿ ಕೈ ಬಿಗಿ ಇರಲಿ. ದೂರದ ಒಂದು ಮನೆಗೆ ಕೇಬಲ್ ಎಳೆಯಲು 40 ಸಾವಿರ ಬೇಕು, ಬಿಟ್ಟರೆ ದಂಡ 30 ಸಾವಿರ ಎಂದು ಬರೆದಿದ್ದೀರಿ ಅಂದುಕೊಳ್ಳಿ. ಪ್ರೋಗ್ರಾಂ ಆ ಮನೆಯನ್ನು ಬಿಟ್ಟು 10 ಸಾವಿರ ಉಳಿಸಿದೆ ಅಂತ ತೋರಿಸುತ್ತದೆ. ಡಿಬಿ ಮೀರಿದರೂ ಇದೇ ಕಥೆ. ಹಾಗೆಂದು ನಿಯಮ ಮುರಿದದ್ದನ್ನೆಲ್ಲ ಹುಟ್ಟಿದ ಕೂಡಲೇ ಕೊಲ್ಲಲೂಬಾರದು. ಒಂದು ಸ್ಪ್ಲಿಟರ್ ಜಾಗ ಬದಲಿಸಿದರೆ ಸರಿಯಾಗುವ ಒಳ್ಳೆಯ ಪ್ಲಾನ್ ಅದರಲ್ಲಿ ಅಡಗಿರಬಹುದು. ಮೊದಲ ತಲೆಮಾರುಗಳಲ್ಲಿ ದಂಡ ಸಣ್ಣದಿರಲಿ, ಬರಬರುತ್ತಾ ಏರಲಿ.

ಇನ್ನು ಕೇಬಲ್ ತುಂಡಾದರೆ ಏನು? ನೀವು ಇದನ್ನು ಕೇಳಿಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಪ್ಲಾನ್ ಮಾಡುವಂತಿಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಂತು. ಜೀವಗಳು ಹೋದವು. ಮೂರೇ ವಾರದಲ್ಲಿ, ಆಗಸ್ಟ್ 6ರ ನಡುರಾತ್ರಿ ಕಳೆದು 7 ಶುರುವಾದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. ಆ ಸೇತುವೆಯ ಮೇಲೆ ನಾನು ಎಷ್ಟು ಸಲ ಸದಾಶಿವಗಡಕ್ಕೆ ಹೋಗಿದ್ದೇನೋ ಲೆಕ್ಕವಿಲ್ಲ. ಮರುದಿನ ಅದನ್ನು ನೋಡಿ ನಿಂತಾಗ ನನ್ನ ಹಳೇ ನಕ್ಷೆಗಳೆಲ್ಲ ಕಣ್ಣ ಮುಂದೆ ಬಂದವು. ನಕ್ಷೆಯಲ್ಲಿ ಎರಡು ಗೆರೆ ಎಳೆದು ‘ಎರಡು ದಾರಿ ಇದೆ, ಒಂದು ಹೋದರೆ ಇನ್ನೊಂದು’ ಅಂತ ಬರೆಯುವುದು ಸುಲಭ. ಎರಡೂ ಗೆರೆ ಒಂದೇ ಸೇತುವೆಯ ಮೇಲೆ, ಒಂದೇ ಗುಡ್ಡದ ಬುಡದಲ್ಲಿ ಹೋಗುತ್ತಿದ್ದರೆ ಅದು ಒಂದೇ ದಾರಿ. ಕಂಪ್ಯೂಟರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕು. ಈ ಸೇತುವೆಗೆ ಸೇರಿದ ತುಂಡುಗಳು ಇವು, ಒಂದು ಹೋದರೆ ಎಲ್ಲವೂ ಹೋದಂತೆ ಎಂದು ಗುಂಪು ಮಾಡಿ ಕೊಡಬೇಕು.

ಆಗ ಅಂಕ ಒಂದಲ್ಲ, ಎರಡಾಗುತ್ತದೆ. ಒಂದು, ಒಟ್ಟು ಖರ್ಚು. ಎರಡು, ಒಂದು ಕಡೆ ಕಡಿದರೆ ಎಷ್ಟು ಮನೆ ಕತ್ತಲಾಗುತ್ತದೆ ಎನ್ನುವುದು. ಇವೆರಡನ್ನೂ ಕೂಡಿಸಿ ಒಂದೇ ಅಂಕಿ ಮಾಡಬೇಡಿ. ಎರಡನ್ನೂ ಬೇರೆಯಾಗಿಯೇ ಇಟ್ಟು ಬೆಳೆಸುವ ವಿಧಾನಗಳಿವೆ. ಅವುಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಾದವುಗಳಲ್ಲೊಂದು ನಮ್ಮ ಐಐಟಿ ಕಾನ್ಪುರದಲ್ಲಿ ಹುಟ್ಟಿದ್ದು. ಕಲ್ಯಾಣ್‌ಮೊಯ್ ದೇಬ್ ಮತ್ತು ಅವರ ವಿದ್ಯಾರ್ಥಿಗಳು 2002ರಲ್ಲಿ ಪ್ರಕಟಿಸಿದ ಎನ್‌ಎಸ್‌ಜಿಎ-2. ಇದು ಒಂದು ಉತ್ತರ ಕೊಡುವುದಿಲ್ಲ, ಉತ್ತರಗಳ ಸಾಲನ್ನೇ ಕೊಡುತ್ತದೆ. ಒಂದು ತುದಿಯಲ್ಲಿ ಅಗ್ಗದ್ದು, ಆದರೆ ಒಂದು ಕಡಿತಕ್ಕೆ ಆರುನೂರು ಮನೆ ಹೋಗುವಂಥದ್ದು. ಇನ್ನೊಂದು ತುದಿಯಲ್ಲಿ ದುಬಾರಿ, ಆದರೆ ಐವತ್ತು ಮನೆ ಮಾತ್ರ ಹೋಗುವಂಥದ್ದು. ನಡುವೆ ಎಲ್ಲೋ ಸ್ವಲ್ಪವೇ ಖರ್ಚು ಏರಿಸಿದರೆ ಅಪಾಯ ಬಹಳ ಇಳಿಯುವ ಒಂದು ತಿರುವು ಸಿಗುತ್ತದೆ. ಆ ತಿರುವನ್ನು ಕಣ್ಣಾರೆ ನೋಡಲು ಸಿಗುವುದಕ್ಕಾಗಿಯೇ ನಾನು ಈ ವಿಧಾನವನ್ನು ಬಳಸುತ್ತೇನೆ. ಎಲ್ಲಿ ನಿಲ್ಲಬೇಕು ಎನ್ನುವುದು ನಿಮ್ಮ ಜೇಬಿಗೆ ಬಿಟ್ಟದ್ದು. ಅಂದಹಾಗೆ, ಊರೊಳಗೆ ಎಷ್ಟೇ ಚಂದದ ರಿಂಗ್ ಮಾಡಿದರೂ ಶಿರಸಿಗೆ ಹೊರಗಿನಿಂದ ಬರುವ ಲಿಂಕ್ ಒಂದೇ ಇದ್ದರೆ ಪ್ರಯೋಜನ ಕಡಿಮೆ. ಒಂದು ದೇವಿಮನೆ ಘಟ್ಟದ ಮೂಲಕ ಕುಮಟೆ ಕಡೆಯಿಂದ ಬಂದರೆ ಇನ್ನೊಂದು ಹುಬ್ಬಳ್ಳಿ ರಸ್ತೆಯಿಂದ ಬರಲಿ.

ಸಣ್ಣ ಊರಿಗೆ ಇದೆಲ್ಲ ಬೇಕಾ ಎಂದು ಕೇಳಿದ್ದೀರಿ. ಎಲ್ಲದಕ್ಕೂ ಬೇಡ. ಕಂಬದಿಂದ ಮನೆಗೆ ಹೋಗುವ ಡ್ರಾಪ್ ಕೇಬಲ್‌ಗೆ ಬೇಡವೇ ಬೇಡ. ಅದನ್ನು ನಿಮ್ಮ ಹುಡುಗರು ಸ್ಥಳದಲ್ಲೇ ನಿರ್ಧರಿಸುತ್ತಾರೆ. ಎರಡು ಸಾವಿರ ಮನೆಯನ್ನು ಹತ್ತಿರದ ಕಂಬಗಳಿಗೆ ಗುಂಪು ಮಾಡಿದರೆ ಮುನ್ನೂರು ನಾನೂರು ಜಾಗಗಳ ಲೆಕ್ಕವಾಗುತ್ತದೆ. ಮುಖ್ಯ ಕೇಬಲ್ ಎಲ್ಲಿ ಹೋಗಬೇಕು, ಸ್ಪ್ಲಿಟರ್ ಎಲ್ಲಿ ಕೂರಬೇಕು ಎನ್ನುವುದಕ್ಕೆ ಮಾತ್ರ ಇದನ್ನು ಓಡಿಸಿ. ಒಂದು ಲ್ಯಾಪ್‌ಟಾಪ್ ಸಾಕು, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಒಂದೇ ಸಲ ಓಡಿಸಿ ನಂಬಬೇಡಿ. ಇದರಲ್ಲಿ ಅದೃಷ್ಟದ ಪಾಲಿದೆ. ಹತ್ತು ಸಲ ಓಡಿಸಿ. ಹತ್ತೂ ಹತ್ತಿರ ಹತ್ತಿರದ ಖರ್ಚು ತೋರಿಸಿದರೆ ಸ್ವಲ್ಪ ಧೈರ್ಯ ಬರುತ್ತದೆ. ಚೆಲ್ಲಾಪಿಲ್ಲಿಯಾದರೆ ಬರೆದದ್ದರಲ್ಲಿ ಏನೋ ಎಡವಟ್ಟಿದೆ.

ಇನ್ನೊಂದನ್ನು ಮುಚ್ಚಿಡಬಾರದು. ಜೆನೆಟಿಕ್ ಅಲ್ಗಾರಿದಮ್ ಕೊಟ್ಟ ಉತ್ತರ ಚೆನ್ನಾಗಿರಬಹುದು, ಅದೇ ಅತ್ಯುತ್ತಮ ಎಂದು ಅದು ಸಾಬೀತು ಮಾಡುವುದಿಲ್ಲ. ನಿಮ್ಮ ಲೆಕ್ಕದ ಗಾತ್ರ ಅಷ್ಟೇನೂ ದೊಡ್ಡದಲ್ಲ. ಹಾಗಾಗಿ ಪೂರ್ಣಾಂಕಗಳ ಸಮೀಕರಣವಾಗಿ ಬರೆದು ಸಾಲ್ವರ್‌ಗೆ, ಅಂದರೆ ಅಂಥ ಲೆಕ್ಕ ಬಿಡಿಸುವ ಸಾಫ್ಟ್‌ವೇರಿಗೆ, ಕೊಡುವ ಇನ್ನೊಂದು ದಾರಿಯನ್ನೂ ಹುಡುಗ ಪ್ರಯತ್ನಿಸಲಿ. ಅದು ‘ಈ ಪ್ಲಾನಿನ ಖರ್ಚಿನಲ್ಲಿ ಇನ್ನು ಇಷ್ಟಕ್ಕಿಂತ ಹೆಚ್ಚು ಉಳಿಸಲು ಸಾಧ್ಯವೇ ಇಲ್ಲ’ ಎಂದು ಮಿತಿ ಹೇಳುತ್ತದೆ. ಇನ್ನು, ಎಷ್ಟು ಪರ್ಸೆಂಟ್ ಉಳಿಯುತ್ತದೆ ಎಂದು ಊರು ನೋಡುವ ಮೊದಲೇ ಹೇಳಿ ಸಾಫ್ಟ್‌ವೇರ್ ಮಾರಲು ಬಂದವರನ್ನು ನಂಬಬೇಡಿ. ನಿಮ್ಮ ಕೈಬರಹದ ಪ್ಲಾನಿಗೂ ಅದೇ ಲೆಕ್ಕದಲ್ಲಿ ಅಂಕ ಹಾಕಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಆಮೇಲೆ ನಕ್ಷೆ ಹಿಡಿದು ನಿಮ್ಮ ಹಳೇ ಲೈನ್‌ಮನ್ ಜೊತೆ ಇಡೀ ದಾರಿ ನಡೆಯಿರಿ, ಹುಡುಗನನ್ನೂ ಕರೆದುಕೊಂಡು. ಸಾಧ್ಯವಾದರೆ ಜೂನ್ ಜುಲೈ ಮಳೆಯಲ್ಲೇ ಹೋಗಿ. ಗಟಾರ ಎಲ್ಲಿ ಉಕ್ಕುತ್ತದೆ, ಯಾವ ಕಂಬ ವಾಲಿದೆ ಎನ್ನುವುದು ಆಗಲೇ ಕಾಣುವುದು. ಲೈನ್‌ಮನ್ ‘ಇಲ್ಲಿ ಬೇಡ’ ಅಂದ ಕಡೆ ನಿಂತು ಯಾಕೆ ಅಂತ ಕೇಳಿ. ಆ ಕಾರಣವನ್ನು ರೂಪಾಯಿ ಮಾಡಿ ಪಟ್ಟಿಗೆ ಸೇರಿಸಿ, ಅವತ್ತು ರಾತ್ರಿ ಮತ್ತೆ ಓಡಿಸಿ. ನಾನು ಮಾಡಿದ ಪ್ಲಾನ್‌ಗಳಲ್ಲಿ ನಾಲ್ಕೈದು ಸಲ ಹೀಗೆ ನಡೆದು ಬರೆಸಿಕೊಂಡ ಮೇಲೆಯೇ ನಕ್ಷೆ ನಿಂತದ್ದು.